ಕೈಗೆ ತಗುಲಿದ ಚೆಂಡು, ಹನ್ನೆರಡು ಗಜದ ದಂಡ

1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಮೊದಲ ನಿಯಮಗಳನ್ನು ಬರೆದಾಗ ಚೆಂಡನ್ನು ಕೈಯಲ್ಲಿ ಹಿಡಿಯುವುದು ತಪ್ಪಾಗಿರಲಿಲ್ಲ. ಹಾರಿಬಂದ ಚೆಂಡನ್ನು ಹಿಡಿದು ಹಿಮ್ಮಡಿಯಿಂದ ನೆಲಕ್ಕೆ ಗುರುತು ಹಾಕಿದವನಿಗೆ ಫ್ರೀ ಕಿಕ್ ಸಹ ಸಿಗುತ್ತಿತ್ತು. ಆದರೆ ಹಿಡಿದು ಓಡುವಂತಿರಲಿಲ್ಲ. 1866ರಲ್ಲಿ ಫ್ರೀ ಕಿಕ್‌ನ ಸವಲತ್ತು ಹೋಯಿತು, 1870ರಲ್ಲಿ ಕೈಯ ಬಳಕೆಯೇ ನಿಷಿದ್ಧವಾಯಿತು. ಮರುವರ್ಷ ಗೋಲ್‌ಕೀಪರ್‌ಗೆ ವಿನಾಯಿತಿ ದೊರೆಯಿತು.

ತಪ್ಪು ಗೊತ್ತಾದರೂ ಅದಕ್ಕೆ ತಕ್ಕ ದಂಡ ಇರಲಿಲ್ಲ. ಕೈಯಿಂದ ಗೋಲು ತಡೆದರೆ ಗೋಲನ್ನೇ ಕೊಟ್ಟುಬಿಡುವ ನಿಯಮ 1882ರಲ್ಲಿ ಬಂದು ಒಂದೇ ಋತುವಿನಲ್ಲಿ ರದ್ದಾಯಿತು. 1890ರಲ್ಲಿ ಐರ್ಲೆಂಡಿನ ಮಿಲ್ಫರ್ಡ್ ತಂಡದ ಗೋಲ್‌ಕೀಪರ್ ವಿಲಿಯಂ ಮೆಕ್ರಮ್ ಪೆನಾಲ್ಟಿಯ ಸಲಹೆ ಮುಂದಿಟ್ಟ. ದಂಡದ ಹೊಡೆತವನ್ನು ತಾನೇ ಎದುರಿಸಬೇಕಾದವನಿಂದ ಬಂದ ಸಲಹೆ ಅದು. ಸಭ್ಯರು ಬೇಕೆಂದೇ ಮೋಸ ಮಾಡುವುದಿಲ್ಲ ಎಂದು ನಂಬಿದ್ದ ಇಂಗ್ಲಿಷ್ ಹವ್ಯಾಸಿ ಆಟಗಾರರಿಗೆ ಇದು ಅವಮಾನವೆನಿಸಿತು. ಆದರೆ 1891ರ ಫೆಬ್ರವರಿಯಲ್ಲಿ ಎಫ್‌ಎ ಕಪ್ ಪಂದ್ಯವೊಂದರಲ್ಲಿ ನಾಟ್ಸ್ ಕೌಂಟಿಯ ರಕ್ಷಣಾ ಆಟಗಾರ ಗೋಲು ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದ. ಎದುರಾಳಿ ಸ್ಟೋಕ್‌ಗೆ ಸಿಕ್ಕ ಫ್ರೀ ಕಿಕ್ ವ್ಯರ್ಥವಾಯಿತು, ಸ್ಟೋಕ್ 1–0ರಿಂದ ಸೋತಿತು. ಆ ವರ್ಷದ ಜೂನ್ 2ರಂದು ಗ್ಲಾಸ್ಗೋದಲ್ಲಿ ನಡೆದ ನಿಯಮ ಮಂಡಳಿಯ ಸಭೆ ಪೆನಾಲ್ಟಿಯನ್ನು ಒಪ್ಪಿತು. ಆಗ ಚೆಂಡನ್ನು ಗೋಲಿನಿಂದ ಹನ್ನೆರಡು ಗಜ ದೂರದ ಗೆರೆಯ ಮೇಲೆ ಎಲ್ಲಿ ಬೇಕಾದರೂ ಇಟ್ಟು ಹೊಡೆಯಬಹುದಿತ್ತು. ಈಗಿನ ಬಿಂದು ಮತ್ತು ಆಯತಾಕಾರದ ಪೆನಾಲ್ಟಿ ವಲಯ ಬಂದದ್ದು 1902ರಲ್ಲಿ.

ಇಷ್ಟು ಭಾರದ ದಂಡ ಬಂದದ್ದರಿಂದಲೇ ತೀರ್ಪು ಕಠಿಣವಾಯಿತು. ಮೈದಾನದ ನಡುವೆ ಯಾರೂ ಲೆಕ್ಕಿಸದ ಸ್ಪರ್ಶ, ಪೆನಾಲ್ಟಿ ವಲಯದೊಳಗೆ ಬಹುಮಟ್ಟಿಗೆ ಒಂದು ಗೋಲಿನ ಬೆಲೆಯದು. ಬಹುಕಾಲ ರೆಫರಿಯ ಮುಂದಿದ್ದ ಪ್ರಶ್ನೆ ಒಂದೇ: ಆಟಗಾರ ಬೇಕೆಂದೇ ಕೈ ಹಾಕಿದನೇ? ಕಣ್ಣಿಗೆ ಬೀಳದಿದ್ದರೆ ಆ ಪ್ರಶ್ನೆಯೂ ಏಳದು. 1986ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ತಳ್ಳಿದ ಚೆಂಡು ಗೋಲೆಂದೇ ದಾಖಲಾಯಿತು. 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನ ಕೊನೆಯ ಕ್ಷಣದಲ್ಲಿ ಉರುಗ್ವೆಯ ಸುವಾರೆಜ್ ಘಾನಾದ ಗೋಲನ್ನು ಗೆರೆಯ ಮೇಲೆ ಕೈಯಿಂದ ತಡೆದಾಗ ರೆಫರಿ ಎಡವಲಿಲ್ಲ: ಕೆಂಪು ಕಾರ್ಡು, ಪೆನಾಲ್ಟಿ ಎರಡೂ ಬಂದವು. ಘಾನಾದ ಗ್ಯಾನ್ ಹೊಡೆದ ಚೆಂಡು ಅಡ್ಡಕಂಬಕ್ಕೆ ಬಡಿಯಿತು, ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. 1882ರ ನಿಯಮ ಉಳಿದಿದ್ದರೆ ಘಾನಾ ಸೆಮಿಫೈನಲ್‌ನಲ್ಲಿರುತ್ತಿತ್ತು.

2018ರಲ್ಲಿ ವಿಡಿಯೊ ರೆಫರಿ ನಿಯಮಪುಸ್ತಕಕ್ಕೆ ಸೇರಿದ ಮೇಲೆ ಮರೆಯಾಗುತ್ತಿದ್ದ ಸ್ಪರ್ಶಗಳೆಲ್ಲ ಪರದೆಯ ಮೇಲೆ ಬಂದವು. ಅದೇ ವರ್ಷದ ವಿಶ್ವಕಪ್ ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಗುಲಿದ್ದನ್ನು ರೆಫರಿ ಪರದೆಯಲ್ಲಿ ಮತ್ತೆ ನೋಡಿ ಫ್ರಾನ್ಸ್‌ಗೆ ಪೆನಾಲ್ಟಿ ಕೊಟ್ಟರು. ನಿಧಾನಗತಿಯ ಚಿತ್ರ ಸ್ಪರ್ಶವನ್ನು ತೋರಿಸುತ್ತದೆ, ಉದ್ದೇಶವನ್ನಲ್ಲ. 2019ರ ತಿದ್ದುಪಡಿ ಹಾಗಾಗಿ ಕೈಯ ಸ್ಥಾನವನ್ನು ಅಳೆಯಹೊರಟಿತು: ತೋಳು ಅಸಹಜವಾಗಿ ಚಾಚಿ ದೇಹದ ಅಗಲ ಹೆಚ್ಚಿಸಿದ್ದರೆ ಉದ್ದೇಶವಿಲ್ಲದೆಯೂ ತಪ್ಪಾಗಬಹುದು. ಮರುವರ್ಷ, ಕೈ ಶುರುವಾಗುವುದು ಕಂಕುಳಿನ ಕೆಳಮಟ್ಟದಿಂದ ಎಂದು ಗೆರೆ ಎಳೆಯಲಾಯಿತು. ಅಳತೆಗೋಲು ತೀರಾ ಬಿಗಿಯಾಯಿತೆಂಬ ದೂರುಗಳ ನಡುವೆ, ಪ್ರತಿಯೊಂದು ಸ್ಪರ್ಶವೂ ತಪ್ಪಲ್ಲ ಎಂದು 2021ರಲ್ಲಿ ಸ್ಪಷ್ಟಪಡಿಸಿ, ಕೈಯ ಸ್ಥಾನ ಆ ಕ್ಷಣದ ಚಲನೆಗೆ ಸಹಜವೇ ಎಂಬ ನಿರ್ಣಯವನ್ನು ರೆಫರಿಗೇ ಬಿಡಲಾಯಿತು. 2024ರಲ್ಲಿ ದಂಡವೂ ಸಡಿಲವಾಯಿತು: ಉದ್ದೇಶವಿಲ್ಲದ ಸ್ಪರ್ಶದಿಂದ ಖಚಿತ ಗೋಲು ತಪ್ಪಿ ಪೆನಾಲ್ಟಿ ಸಿಕ್ಕಿದರೆ, ತಪ್ಪಿತಸ್ಥನಿಗೆ ಈಗ ಕೆಂಪಿನ ಬದಲು ಹಳದಿ ಕಾರ್ಡು.