ಚಿಕ್ಕೋಡಿ ಸೀಮೆಯ ಟಾಕೀಸುಗಳು: ಮುಂಬಯಿ ವಲಯದ ಅಂಚಿನಲ್ಲಿ ಚಿತ್ರಪ್ರದರ್ಶನ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸಿನಿಮಾ ಚರಿತ್ರೆ ಕೊಲ್ಲಾಪುರದಿಂದ ಶುರುವಾಗುತ್ತದೆ. ನಿಪ್ಪಾಣಿಗೂ ಆ ಊರಿಗೂ ಸುಮಾರು 40 ಕಿಲೋಮೀಟರ್ ಅಂತರ. ರಾಯಬಾಗವಂತೂ 1949ರಲ್ಲಿ ವಿಲೀನವಾಗುವವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಬಾಬುರಾವ್ ಪೇಂಟರ್ ತಾವೇ ಕ್ಯಾಮೆರಾ ತಯಾರಿಸಿ, 1920ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ತೆರೆಗೆ ತಂದದ್ದು ಕೊಲ್ಲಾಪುರದಿಂದ. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಅಲ್ಲಿಯೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ವೈ.ವಿ. ರಾವ್ ಚಿತ್ರೀಕರಿಸಿದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ; ತೆರೆಕಂಡದ್ದು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ. ಈ ಸೀಮೆಯ ಹೊಸ್ತಿಲಲ್ಲೇ ಕನ್ನಡ ಸಿನಿಮಾ ಮಾತು ಕಲಿತು, ಮೊದಲ ಮಾತಾಡಲು ಮಾತ್ರ ದಕ್ಷಿಣಕ್ಕೆ ಹೋಯಿತು.

ಸಣ್ಣ ಊರುಗಳಿಗೆ ಸಿನಿಮಾ ಮೊದಲು ತಂಬು ಹೊತ್ತು ಬಂತು. ಜಾತ್ರೆ, ಸಂತೆಗಳೇ ಟೂರಿಂಗ್ ಟಾಕೀಸಿನ ಪಂಚಾಂಗ. ಶ್ರೀಕೃಷ್ಣ ಪಾರಿಜಾತದಂಥ ಜಾನಪದ ಆಟಗಳನ್ನೂ ಮರಾಠಿ ತಮಾಷಾವನ್ನೂ ರಾತ್ರಿಯಿಡೀ ನೋಡಿ ಪಳಗಿದ ಮಂದಿಗೆ ನೆಲದ ಮೇಲೆ ಕುಳಿತು ಆಟ ನೋಡುವುದು ಹೊಸದೇನಲ್ಲ. ಒಂದೇ ಪ್ರೊಜೆಕ್ಟರ್ ಯಂತ್ರವಿದ್ದಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಕಾಯಂ ಕಟ್ಟಡ ನಿಲ್ಲಬೇಕಾದರೆ ವರ್ಷವಿಡೀ ಕೈಯಲ್ಲಿ ರೊಕ್ಕ ಆಡುವ ಜನ ಬೇಕು. ನಿಪ್ಪಾಣಿಗೆ ತಂಬಾಕಿನ ವಖಾರಿಗಳು, ಬೀಡಿ ಕಟ್ಟುವವರ ಕೂಲಿ ಆ ಬಲ ಕೊಟ್ಟವು. ಕಾಗವಾಡದ ಕಡೆ ಆ ಬಲ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯದು.

ಟಾಕೀಸಿನ ಕಟ್ಟಡದ ರೂಪವನ್ನು ಬೆಂಕಿಯ ಭಯ ನಿರ್ಧರಿಸಿತು. ಹಳೆಯ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭಗ್ಗೆನ್ನುವಂಥದು. ಅದಕ್ಕೇ ಆಪರೇಟರನ ಕೋಣೆ ಪ್ರೇಕ್ಷಕರಿಂದ ಬೇರೆ, ಗೋಡೆ ಗಟ್ಟಿ, ಕಿಂಡಿ ಕಿರಿದು. 1918ರ ಸಿನಿಮಟೋಗ್ರಾಫ್ ಕಾಯ್ದೆ ಪ್ರದರ್ಶನಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿದ್ದರ ಹಿಂದೆಯೂ ಸುರಕ್ಷತೆಯ ಈ ಚಿಂತೆಯಿತ್ತು. ಕೋಣೆಯೊಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕು; ಕಡ್ಡಿ ಸವೆದಂತೆ ಅಂತರ ಸರಿಪಡಿಸದಿದ್ದರೆ ಪರದೆ ಮಂಕಾಗಿ, ಕೆಳಗಿನಿಂದ ಸಿಳ್ಳೆ ಏಳುತ್ತಿತ್ತು. ಸಾವಿರ ಅಡಿಯ ಒಂದು ರೀಲು ಓಡುವುದು 11 ನಿಮಿಷ. ಅದು ಮುಗಿಯುವ ಮುನ್ನ ಚಿತ್ರದ ಬಲಮೂಲೆಯ ಮೇಲ್ಗಡೆ ಚುಕ್ಕೆಯೊಂದು ಮಿಂಚುತ್ತಿತ್ತು, ಆಪರೇಟರ್ ಎರಡನೇ ಯಂತ್ರ ಚಾಲೂ ಮಾಡುತ್ತಿದ್ದ. ಮತ್ತೊಂದು ಚುಕ್ಕೆ ಕಂಡೊಡನೆ ಬೆಳಕು ಆ ಯಂತ್ರಕ್ಕೆ ದಾಟುತ್ತಿತ್ತು. ಕೆಳಗೆ ಕುಳಿತವರಿಗೆ ಇದರ ಸುಳಿವೂ ಸಿಗದಿದ್ದರೆ ಅವನು ಒಳ್ಳೆಯ ಆಪರೇಟರ್.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಚಿತ್ರೋದ್ಯಮದ ನಕಾಶೆ ಮಾತ್ರ ಅಲ್ಲಾಡಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ವಲಯದಲ್ಲೇ ಉಳಿದವು; ಹಳೆಯ ಮೈಸೂರಿನ ಜಿಲ್ಲೆಗಳದು ಬೇರೆ ವಲಯ. ಆಡಳಿತದ ಗಡಿ ದಾಟಿದ ಊರುಗಳು ವ್ಯಾಪಾರದ ಗಡಿ ದಾಟಲಿಲ್ಲ. ಒಂದೇ ಪರದೆಯ ಮೇಲೆ ಹಿಂದಿ, ಮರಾಠಿ, ಕನ್ನಡ ಚಿತ್ರಗಳು ಸರದಿಯಲ್ಲಿ ಬಂದದ್ದಕ್ಕೆ ಭಾಷಾಭಿಮಾನದ ಕೊರತೆಯನ್ನು ಕಾರಣವಾಗಿ ಹೇಳುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಪ್ರೇಕ್ಷಕನಿಗೆ ಕನ್ನಡ, ಮರಾಠಿ ಎರಡೂ ಮನೆಯ ಭಾಷೆಗಳೇ, ಹಿಂದಿ ಪ್ರಿಂಟಿನ ದಾರಿ ಮುಂಬಯಿಯದು.

1980ರ ದಶಕದಲ್ಲಿ ವಿಡಿಯೋ, ದೂರದರ್ಶನಗಳು ಈ ಟಾಕೀಸುಗಳ ಬುಡ ಸಡಿಲಿಸಿದವು. 1987ರಲ್ಲಿ ಶುರುವಾದ ‘ರಾಮಾಯಣ’ ಧಾರಾವಾಹಿ ಭಾನುವಾರದ ಬೆಳಗನ್ನೇ ಕಸಿದುಕೊಂಡಿತು. ಮುಂದೆ ಕೇಬಲ್ಲು, ಮೊಬೈಲು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ರೀಲಿನ ತಗಡಿನ ಪೆಟ್ಟಿಗೆಗಳ ಓಡಾಟವೂ ನಿಂತಿತು. ಪೇಟೆಯ ನಡುವೆ ಟಾಕೀಸು ನಿಂತಿದ್ದ ವಿಶಾಲ ಜಾಗದಲ್ಲಿ ಟಿಕೆಟ್ಟಿನ ಆದಾಯಕ್ಕಿಂತ ನೆಲದ ಬೆಲೆ ಹೆಚ್ಚಾಯಿತು.

ಹೀಗೆ ಮರೆಯಾಗುತ್ತಿರುವ ಟಾಕೀಸುಗಳಿಗೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯದಾಗಿತ್ತು. ಹೀಗಾಗಿ ಈ ಐದು ಊರುಗಳ ಚಿತ್ರಮಂದಿರಗಳ ನಕ್ಷೆ, ಆಸನಗಳ ಲೆಕ್ಕ, ನವೀಕರಣದ ತಾರೀಖುಗಳನ್ನು ಹುಡುಕುವವರು ಮೊದಲು ಬಿಚ್ಚಬೇಕಾದ ಕಡತ ಪರವಾನಗಿಯದು. ಆ ಕಡತಗಳು ರದ್ದಿಗೆ ಬೀಳುವ ಮುನ್ನ ಈ ಕೆಲಸ ಆಗಬೇಕು.