ಕೊಲಂಬಸ್‌ಗೆ ಬಡಿಸಿದ ರೊಟ್ಟಿ

ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. 1492 ಎಂದರೆ ಸಾಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಮಕ್ಕಳು 'ಕೊಲಂಬಸ್' ಎನ್ನುತ್ತಾರೆ. ಅವನ ಮೂರು ಹಡಗುಗಳ ಹೆಸರೂ ಬಾಯಿಪಾಠ. ಆದರೆ ಅಷ್ಟು ದೂರದಿಂದ ಹೋಗಿ ಇಳಿದ ಆ ಗಂಡಸರಿಗೆ ಊಟ ಹಾಕಿದವರು ಯಾರು, ಏನು ಹಾಕಿದರು ಎಂಬುದನ್ನು ನಾನು ಪಾಠ ಹೇಳಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಅಡಿಗೆಮನೆಯ ಸಂಗತಿಯೂ ಇತಿಹಾಸವೇ ಎಂದು ಬರೆದವರಿಗೆ ಅನ್ನಿಸಿರಲಿಕ್ಕಿಲ್ಲ. ಒಲೆಯ ಮುಂದೆ ನಿಂತ ನಮಗೆ ಮಾತ್ರ ಮೊದಲು ಹೊಳೆಯುವ ಪ್ರಶ್ನೆ ಅದೇ ತಾನೆ?

ಆ ವರ್ಷ ಕ್ರಿಸ್‌ಮಸ್ ದಿನ ಕೊಲಂಬಸನ ದೊಡ್ಡ ಹಡಗು 'ಸಾಂತಾ ಮರಿಯಾ' ಹಿಸ್ಪನಿಯೋಲಾ ದ್ವೀಪದ ಬಳಿ ದಿಬ್ಬಕ್ಕೆ ಸಿಕ್ಕಿ ಹಾಳಾಯಿತು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಿರುವ ದ್ವೀಪ ಅದು. ಅಲ್ಲಿಯ ತೈನೋ ಜನರ ಮುಖಂಡ ಗ್ವಾಕನಗರಿ ತನ್ನವರನ್ನು ಕಳಿಸಿ ಹಡಗಿನ ಸಾಮಾನನ್ನೆಲ್ಲ ಇಳಿಸಿಕೊಟ್ಟ. ಡಿಸೆಂಬರ್ 26ರಂದು ಕೊಲಂಬಸನಿಗೆ ಊಟವನ್ನೂ ಹಾಕಿಸಿದ. ಗೆಡ್ಡೆಗೆಣಸು, ಸಿಗಡಿ, ಬೇಟೆಯ ಮಾಂಸ, ಜೊತೆಗೆ ಅವರು 'ಕಸಾಬೆ' ಎನ್ನುವ ರೊಟ್ಟಿ. ಅದು ಮರಗೆಣಸಿನ ರೊಟ್ಟಿ.

ಮರಗೆಣಸಿನಲ್ಲಿ ಸಿಹಿ, ಕಹಿ ಎಂದು ಎರಡು ಬಗೆ. ಕಹಿ ಗೆಣಸಿನಲ್ಲಿ ವಿಷ ಹೆಚ್ಚು. ಅದನ್ನು ಜಜ್ಜಿದರೆ, ತುರಿದರೆ ಸಯನೈಡಿನ ಅಂಶ ಹೊರಬೀಳುತ್ತದೆ. ಹಾಗೇ ತಿಂದರೆ ಪ್ರಾಣಕ್ಕೇ ಅಪಾಯ. ತೈನೋ ಹೆಂಗಸರು ಅದನ್ನು ತುರಿದು, 'ಸಿಬುಕಾನ್' ಎಂಬ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ ನೇತುಹಾಕುತ್ತಿದ್ದರು. ಕೆಳಗಿನಿಂದ ಭಾರ ಜಗ್ಗಿದರೆ ಚೀಲ ಸಪೂರವಾಗಿ, ಹಿಂಡಿಕೊಂಡು ವಿಷದ ರಸವೆಲ್ಲ ಇಳಿಯುತ್ತಿತ್ತು. ಉಳಿದ ಹಿಟ್ಟನ್ನು ಜರಡಿ ಹಿಡಿದು, 'ಬುರೆನ್' ಎಂಬ ಅಗಲವಾದ ಮಣ್ಣಿನ ಹೆಂಚಿನ ಮೇಲೆ ಹರಡಿ ಸುಡುತ್ತಿದ್ದರು. ಉಳಿದ ವಿಷ ಆ ಶಾಖಕ್ಕೆ ಹಾರಿಹೋಗುತ್ತಿತ್ತು. ಪ್ರಯೋಗಶಾಲೆ ಇಲ್ಲ, ಓದುಬರಹ ಇಲ್ಲ. ತಾಯಿ ಮಾಡಿದ್ದನ್ನು ಮಗಳು ನೋಡಿ ಕಲಿತ ರಸಾಯನಶಾಸ್ತ್ರ ಅದು. ಒಂದು ಹಂತ ತಪ್ಪಿದರೂ ಮನೆಮಂದಿಯ ಜೀವಕ್ಕೆ ಕುತ್ತು.

ಚೆನ್ನಾಗಿ ಒಣಗಿಸಿದ ಕಸಾಬೆ ನಮ್ಮ ಬಿಜಾಪುರ, ಧಾರವಾಡದ ಕಡೆಯ ಕಟಕ ರೊಟ್ಟಿಯ ಹಾಗೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಸ್ಪೇನಿನವರಿಗೆ ಇದೇ ದೊಡ್ಡ ಅನುಕೂಲವಾಯಿತು. ಆ ಬಿಸಿ, ತೇವದ ನೆಲದಲ್ಲಿ ಅವರ ಗೋಧಿ ಕೈಗೆ ಹತ್ತಲಿಲ್ಲ. 1519ರಲ್ಲಿ ಕೊರ್ತೆಸ್ ಮೆಕ್ಸಿಕೋ ಗೆಲ್ಲಲು ಕ್ಯೂಬಾದಿಂದ ಹೊರಟಾಗಲೂ ಹಡಗಿನಲ್ಲಿ ತುಂಬಿಸಿಕೊಂಡ ಬುತ್ತಿ ಈ ಕಸಾಬೆಯೇ. ಒಂದು ಜನಾಂಗದ ಹೆಂಗಸರು ತಟ್ಟಿದ ರೊಟ್ಟಿ ತಿಂದು ಇನ್ನೊಂದು ಜನಾಂಗವನ್ನು ಗೆಲ್ಲಲು ಹೊರಟರು.

ರೊಟ್ಟಿ ಕೊಟ್ಟವರ ಗತಿ ಏನಾಯಿತು? ಹದಿನಾಲ್ಕು ದಾಟಿದವರು ಮೂರು ತಿಂಗಳಿಗೊಮ್ಮೆ ಚಿನ್ನ ತಂದೊಪ್ಪಿಸಬೇಕೆಂದು 1495ರ ಹೊತ್ತಿಗೆ ಕಟ್ಟಳೆಯಾಯಿತು. ಗಣಿಗೆ ಹೋದವರಿಗೆ ಹೊಲ ಬಿತ್ತಲು ಪುರುಸೊತ್ತಿಲ್ಲ. ಕ್ಷಾಮ ಬಂತು. 1518ರಲ್ಲಿ ಸಿಡುಬೂ ಬಂತು. ಬಾಳು ಸಾಕಾದ ಕೆಲವರು ಅದೇ ಗೆಣಸಿನ ರಸ ಕುಡಿದು ಸತ್ತರಂತೆ. ಆ ಕಾಲದ ಯುರೋಪಿನವರೇ ಇದನ್ನು ಬರೆದಿಟ್ಟಿದ್ದಾರೆ. ಮಕ್ಕಳ ಹಸಿವಿಗೆಂದು ಹಿಂಡಿ ಚೆಲ್ಲುತ್ತಿದ್ದ ರಸವನ್ನು ತಾವೇ ಕುಡಿಯಬೇಕಾಗಿ ಬಂದ ಕೈಗಳನ್ನು ನೆನೆದರೆ ಹೊಟ್ಟೆ ತೊಳೆಸುತ್ತದೆ. ಸುಮಾರು ಅರ್ಧ ಶತಮಾನದಲ್ಲಿ ದ್ವೀಪ ತುಂಬಿದ್ದ ಜನ ಕೆಲವು ನೂರಕ್ಕೆ ಇಳಿದಿದ್ದರು.

ಆದರೆ ರೊಟ್ಟಿ ಸಾಯಲಿಲ್ಲ. ಉಳಿದ ಹೆಂಗಸರಿಂದ ಅದು ಆಫ್ರಿಕಾದಿಂದ ಗುಲಾಮರಾಗಿ ಬಂದವರ ಒಲೆಗೆ ದಾಟಿತು. ಜಮೈಕಾದಲ್ಲಿ ಅದಕ್ಕೆ 'ಬ್ಯಾಮಿ' ಎಂದು ಹೆಸರು. ತೆಂಗಿನ ಹಾಲಿನಲ್ಲಿ ನೆನೆಸಿ, ಕಾಯಿಸಿ, ಹುರಿದ ಮೀನಿನ ಜೊತೆ ತಿನ್ನುತ್ತಾರೆ. ಸೇಂಟ್ ವಿನ್ಸೆಂಟ್ ದ್ವೀಪದ ಗರಿಫುನಾ ಜನರನ್ನು ಬ್ರಿಟಿಷರು 1797ರಲ್ಲಿ ಹಡಗಿಗೆ ತುಂಬಿ ಹೊಂಡುರಾಸ್ ಕಡಲಿನ ರೊವಾಟಾನ್ ದ್ವೀಪಕ್ಕೆ ಗಡೀಪಾರು ಮಾಡಿದರು. ಊರು ಹೋಯಿತು, ನೆಲ ಹೋಯಿತು. 'ಎರೆಬಾ' ಎಂಬ ಅವರ ಮರಗೆಣಸಿನ ರೊಟ್ಟಿ ಮಾತ್ರ ಜೊತೆಗೇ ಉಳಿಯಿತು. 2024ರ ಡಿಸೆಂಬರಿನಲ್ಲಿ ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಹೈಟಿ, ಹೊಂಡುರಾಸ್, ವೆನೆಜುವೆಲಾ ಒಟ್ಟಾಗಿ ಕೇಳಿಕೊಂಡ ಮೇಲೆ ಯುನೆಸ್ಕೋ ಈ ರೊಟ್ಟಿಯ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಜ್ಜಿಯಂದಿರ ಕೈಕೆಲಸಕ್ಕೆ ಸರ್ಟಿಫಿಕೇಟು ಸಿಗಲು ಐನೂರು ವರ್ಷ ಹಿಡಿಯಿತು!

ನಮಗೂ ಅದಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಮರಗೆಣಸನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆಂದು ಅದರ ಬೇಸಾಯಕ್ಕೆ ಒತ್ತುಕೊಟ್ಟರು. ಏಕಾದಶಿಗೆ ನಾವು ಮಾಡುವ ಸಬ್ಬಕ್ಕಿ ಉಪ್ಪಿಟ್ಟು, ಬೇಸಿಗೆಯಲ್ಲಿ ಇಡುವ ಸಬ್ಬಕ್ಕಿ ಸಂಡಿಗೆ ಇವೆಲ್ಲ ಸೇಲಂ ಕಡೆ ಮರಗೆಣಸಿನ ಹಾಲಿನಿಂದ ತಯಾರಾಗುವ ಕಾಳುಗಳೇ. ತೈನೋ ಹೆಂಗಸಿನ ಗೆಡ್ಡೆ ನಮ್ಮ ಮಡಿಯ ಅಡಿಗೆಯೊಳಗೂ ಸದ್ದಿಲ್ಲದೆ ಬಂದು ಕೂತಿದೆ.

ಈ ರೊಟ್ಟಿಯನ್ನು ಮನೆಯಲ್ಲೂ ಮಾಡಬಹುದು. ಅಡಿಗೆಗೆಂದೇ ಮಾರುವ ಸಿಹಿ ಮರಗೆಣಸು ಒಂದು ಕೆ.ಜಿ. ತನ್ನಿ. ಕಹಿ ಎನಿಸಿದರೆ ಬೇಡವೇ ಬೇಡ. ಕಂದು ಸಿಪ್ಪೆ, ಅದರ ಕೆಳಗಿನ ದಪ್ಪ ಸಿಪ್ಪೆ ಎರಡನ್ನೂ ತೆಗೆದು, ತೊಳೆದು ಸಣ್ಣಗೆ ತುರಿಯಿರಿ. ಪಂಚೆಬಟ್ಟೆಯಲ್ಲಿ ಕಟ್ಟಿ, ಒಂದು ತೊಟ್ಟೂ ಉಳಿಯದಂತೆ ಹಿಂಡಿ ರಸ ಚೆಲ್ಲಿಬಿಡಿ. ಉದುರಾದ ತುರಿಗೆ ಉಪ್ಪು ಬೆರೆಸಿ. ನೀರು, ಮೈದಾ ಏನೂ ಬೇಡ. ಎಣ್ಣೆ ಸವರದ ಕಾವಲಿಯ ಮೇಲೆ ಕಾಲಂಗುಲ ದಪ್ಪಕ್ಕೆ ದುಂಡಗೆ ಹರಡಿ, ಸೌಟಿನ ಬೆನ್ನಿನಿಂದ ಒತ್ತಿ. ಸಣ್ಣ ಉರಿಯಲ್ಲಿ ಗೆಣಸಿನ ಪಸೆಯೇ ಅದನ್ನು ಒಂದುಗೂಡಿಸುತ್ತದೆ. ಅಂಚು ಬಿಟ್ಟಮೇಲೆ ಮಗುಚಿ, ಎರಡೂ ಕಡೆ ಒಳಗಿನವರೆಗೆ ಚೆನ್ನಾಗಿ ಬೇಯಿಸಿ, ಹಸಿ ಉಳಿಯಬಾರದು. ಬ್ಯಾಮಿ ಬೇಕಿದ್ದರೆ ಹತ್ತು ನಿಮಿಷ ತೆಂಗಿನ ಹಾಲಿನಲ್ಲಿ ನೆನೆಸಿ, ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಕಾಯಿಸಿ. ಮೀನು ತಿನ್ನದವರಿಗೆ ಕಾಯಿಚಟ್ನಿ ಚೆನ್ನಾಗಿ ಹೊಂದುತ್ತದೆ.

ಗ್ವಾಕನಗರಿಯ ಹೆಸರಾದರೂ ಕೊಲಂಬಸನ ದಿನಚರಿಯಲ್ಲಿ ಉಳಿಯಿತು. ಅಂದು ಆ ರೊಟ್ಟಿ ಸುಟ್ಟವಳ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಅವಳ ಕೆಲಸ ಮಾತ್ರ ಇಂದಿಗೂ ನಡೆಯುತ್ತಿದೆ.