ಒಂದೇ ಒಂದು ಬೋರ್ಡ್ ಸಿಗುತ್ತಾ?

ಇವತ್ತು ನಮ್ಮ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕಾಲೇಜು ಹುಡುಗರು ಲಿನಕ್ಸ್ ಓಡಿಸುವ ಪುಟ್ಟ ಬೋರ್ಡ್ ಕೊಂಡು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ. ಅದೂ ಒಂದೇ ಒಂದು! ಈ "ಒಂದೇ ಒಂದು" ಸುಲಭಕ್ಕೆ ಬಂದದ್ದಲ್ಲ. ಬಿಕಾಂ ಓದಿ ಬ್ಯಾಂಕು ಸೇರಿದ ನನಗೆ ಚಿಪ್ಪಿಗಿಂತ ವ್ಯಾಪಾರ ಬೇಗ ಅರ್ಥವಾಗುತ್ತದೆ. ಆ ಕಣ್ಣಿನಿಂದಲೇ ಈ ಕಥೆ ನೋಡೋಣ.

2001ರಲ್ಲಿ ಬೆಂಗಳೂರಿನ ಐಐಎಸ್ಸಿಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಹೊರತಂದದ್ದು ನಿಮಗೆ ನೆನಪಿರಬಹುದು. ಅಂಗೈ ಮೇಲೆ ಕೂರುವ ಯಂತ್ರ. ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಒಳಗೆ ಲಿನಕ್ಸ್. ನನಗೆ ಬಹಳ ಹಿಡಿಸಿದ್ದು ಅದರ ಸ್ಮಾರ್ಟ್ ಕಾರ್ಡ್: ಊರಿಗೆಲ್ಲ ಒಂದು ಯಂತ್ರ, ಪ್ರತಿಯೊಬ್ಬರಿಗೂ ಅವರವರ ಕಾರ್ಡ್. ಕೌಂಟರ್ ಒಂದೇ, ಪಾಸ್‌ಬುಕ್ ಬೇರೆ ಬೇರೆ ಇದ್ದ ಹಾಗೆ. ಓದಲು ಬಾರದವರಿಗೆ ಓದಿ ಹೇಳುವ "ಧ್ವನಿ" ಎಂಬ ಸಾಫ್ಟ್‌ವೇರ್ ಕೂಡ ಇತ್ತು. ಅದು ಕನ್ನಡವನ್ನೂ ಮಾತಾಡುತ್ತಿತ್ತು.

ಯಂತ್ರದ ವಿನ್ಯಾಸ ಬಹಿರಂಗವಾಗಿತ್ತು. ಆದರೆ ತಯಾರಿಸಿ ಮಾರುವವರು ಟ್ರಸ್ಟಿಗೆ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 2004ರಲ್ಲಿ ಪಿಕೋಪೀಟಾ ಕಂಪನಿ ಬಿಇಎಲ್ ಜೊತೆ ಸೇರಿ "ಅಮಿಡಾ" ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಆರಂಭದ ಬೆಲೆಯೇ ಸುಮಾರು 10,000 ರೂಪಾಯಿ. ಮೊದಲ ವರ್ಷ 50,000 ಮಾರುವ ಆಸೆ ಇತ್ತು. ಹೋದದ್ದು ಸುಮಾರು 4,000. ಹಳ್ಳಿಯವನಿಗೆ ಅದು ದುಬಾರಿ, ಪೇಟೆಯವನ ಕೈಗೆ ಆಗಲೇ ಮೊಬೈಲ್ ಬಂದಿತ್ತು.

2008ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್ ಇಟ್ಟುಕೊಂಡು ಬೀಗಲ್‌ಬೋರ್ಡ್ ಬಂತು. ಡಬ್ಬಿ ಇಲ್ಲ, ಪರದೆ ಇಲ್ಲ, ಮೂರಂಗುಲದ ಹಲಗೆ ಅಷ್ಟೇ. ಬೆಲೆ 149 ಡಾಲರ್, ಒಂದು ಬೇಕೆಂದರೆ ಒಂದನ್ನೇ ಕೊಡುತ್ತಿದ್ದರು. ಆದರೆ ಸಿದ್ಧಪಡಿಸುವುದಕ್ಕೆ ಸೀರಿಯಲ್ ಕೇಬಲ್ ಬೇಕು, ಕಾರ್ಡನ್ನು ಎರಡು ಭಾಗ ಮಾಡಿ ಒಂದರಲ್ಲಿ ಬೂಟ್‌ಲೋಡರ್ ಮತ್ತು ಕರ್ನಲ್, ಇನ್ನೊಂದರಲ್ಲಿ ಉಳಿದ ಲಿನಕ್ಸ್ ಇಡಬೇಕು. ಗೊತ್ತಿದ್ದವರಿಗೆ ಹಬ್ಬ, ಹೊಸಬರಿಗೆ ಕಬ್ಬಿಣದ ಕಡಲೆ.

2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ರಾಸ್ಪ್‌ಬೆರಿ ಪೈ ಮಾರಾಟ ಶುರುವಾಯಿತು. ಬೆಲೆ 35 ಡಾಲರ್. ಕೇಂಬ್ರಿಡ್ಜ್‌ನ ಎಬೆನ್ ಅಪ್ಟನ್ ಮತ್ತು ಗೆಳೆಯರು ಇದನ್ನು ಮಾಡಿದ್ದು ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ. ಸಿದ್ಧವಾಗಿದ್ದ ಲಿನಕ್ಸ್ ಅನ್ನು ಎಸ್‌ಡಿ ಕಾರ್ಡಿಗೆ ಇಳಿಸಿ, ಟಿವಿಗೆ ತಂತಿ ಸಿಕ್ಕಿಸಿದರೆ ಕೆಲಸ ಮುಗಿಯಿತು. ಏನಾದರೂ ಎಡವಟ್ಟಾದರೆ ಕಾರ್ಡನ್ನು ಅಳಿಸಿ ಮತ್ತೆ ಬರೆದರಾಯಿತು, ಬೋರ್ಡಿಗೆ ಏನೂ ಆಗದು. ಕಲಿಯುವವನ ಭಯ ಹೋಗಿದ್ದು ಇಲ್ಲಿ.

ನೋಡಿ, ಬುದ್ಧಿಯಲ್ಲಿ ಬೆಂಗಳೂರಿನವರು ಹಿಂದಿರಲಿಲ್ಲ. ಹನ್ನೊಂದು ವರ್ಷ ಮುಂದೇ ಇದ್ದರು. ಸಿಂಪ್ಯೂಟರ್ ಊರಿಗೆ ಒಂದು ಸಾಕು ಅಂದಿತು, ಪೈ ಹುಡುಗನಿಗೊಂದು ಅಂದಿತು. ಹಂಚಿಕೊಳ್ಳುವ ಯಂತ್ರವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ತನ್ನದಾದರೆ ಮಾತ್ರ ಧೈರ್ಯ ಬರುತ್ತದೆ.

ಮಕ್ಕಳು ಕೇಳಿದರೆ ಒಂದು ಕೊಡಿಸಿ. ಲೆಕ್ಕ ಹಾಕುವಾಗ ಕಾರ್ಡು ಮತ್ತು ಒಳ್ಳೆಯ ಪವರ್ ಅಡಾಪ್ಟರ್ ಸೇರಿಸುವುದನ್ನು ಮರೆಯಬೇಡಿ. ಕರೆಂಟು ಸಾಲದಿದ್ದರೆ ಬೋರ್ಡ್ ನಡುವೆಯೇ ನಿಂತುಬಿಡುತ್ತದೆ!